ನಟ್ ಬಿಗಿದರೆ ಕಾರ್ಬುರೇಟರ್ ಕೂರಿಸಿದಂತೆ ಆಗಲಿಲ್ಲ

"ಕಾರ್ಬೋರೇಟರ್ ಹೋಗೇತ್ರಿ ಕಾಕಾ, ಹೊಸಾದು ಹಾಕಬೇಕು."

ಹಳೇ ಮಾರುತಿ ಇಟ್ಟುಕೊಂಡ ಯಾರೂ ಈ ಮಾತಿನಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಕಾಕಾನೂ ಕೇಳಿದರು. ಅವರದು 1998ರ ಓಮ್ನಿ. ಬೆಳಗಿನ ನಾಲ್ಕಕ್ಕೆ ಬದನೆಕಾಯಿ ಚೀಲ ತುಂಬಿಕೊಂಡು ರಾಣೆಬೆನ್ನೂರು ಮಾರ್ಕೆಟ್ಟಿಗೆ ಹೋಗುವ ಗಾಡಿ. ರಾತ್ರಿ ಊರಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಅದೇ ಆಂಬುಲೆನ್ಸ್. ಸಿಗ್ನಲ್‌ನಲ್ಲಿ ನಿಂತರೆ ಬಂದ್ ಬೀಳುತ್ತಿತ್ತು, ಅಷ್ಟೇ ಅದರ ರೋಗ.

ಗ್ಯಾರೇಜಿನವನು ಸೀಟು ಎತ್ತಿ ಎರಡು ನಿಮಿಷ ನೋಡಿ ತೀರ್ಪು ಕೊಟ್ಟ. ಪ್ಲಗ್ ಬಿಚ್ಚಲಿಲ್ಲ, ಪಾಯಿಂಟ್ ಗ್ಯಾಪ್ ನೋಡಲಿಲ್ಲ, ಟ್ಯಾಪೆಟ್ ಮುಟ್ಟಲಿಲ್ಲ. ನಾಲ್ಕೂವರೆ ಸಾವಿರದ ಹೊಸ ಕಾರ್ಬುರೇಟರ್ ಬಂತು. ನಟ್ ಬಿಗಿದ, ಸ್ಕ್ರೂ ಎರಡು ಸುತ್ತು ತಿರುಗಿಸಿದ, ಎರಡು ಸಲ ರೇಸ್ ಕೊಟ್ಟ. "ಆತ್ರಿ, ಒಯ್ರಿ." ಅರ್ಧ ಗಂಟೆಯೂ ಆಗಿರಲಿಲ್ಲ.

ಲೀಟರಿಗೆ 14 ಕಿಲೋಮೀಟರ್ ಓಡುತ್ತಿದ್ದ ಗಾಡಿ 9ಕ್ಕೆ ಇಳಿಯಿತು. ಹಿಂದೆ ಕಪ್ಪು ಹೊಗೆ, ಒಳಗೆ ಪೆಟ್ರೋಲ್ ವಾಸನೆ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ ಎನ್ನುವುದನ್ನು ಮರೆಯಬೇಡಿ. ಅಲ್ಲಿ ಪೆಟ್ರೋಲ್ ಜಿನುಗಿದರೆ ಡ್ರೈವರ್ ಕೂತಿರುವುದು ಒಲೆಯ ಮೇಲೆ.

ತಿಂಗಳಾದ ಮೇಲೆ ಬ್ಯಾಡಗಿಯ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರಿಗೆ ಸಿಕ್ಕಿದ್ದು ಇಷ್ಟು: ಚೋಕ್ ಕೇಬಲ್ ಬಿಗಿಯಾಗಿ ಕಟ್ಟಿದ್ದರಿಂದ ಚೋಕ್ ಪೂರ್ತಿ ತೆರೆಯುತ್ತಲೇ ಇರಲಿಲ್ಲ, ಗಾಡಿ ಇಡೀ ತಿಂಗಳು ಅರ್ಧ ಚೋಕ್‌ನಲ್ಲೇ ಓಡಿತ್ತು. ಕೆಳಗೆ ಹರಿದ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರು. ಪೆಟ್ರೋಲ್ ಪೈಪಿನ ಕ್ಲಿಪ್ ಸಡಿಲ. ಪಾಯಿಂಟ್ ಸವೆದು ಹೋಗಿತ್ತು. "ಹಳೇ ಕಾರ್ಬೋರೇಟರ್ ಎಲ್ಲೈತ್ರಿ?" ಅಂತ ಕೇಳಿದರು. ಅದು ಗುಜರಿಗೆ ಹೋಗಿತ್ತು. ಕಾಕಾ ವರ್ಷಗಟ್ಟಲೆ ಗ್ಯಾಸ್ ಕಿಟ್ ಮೇಲೆ ಓಡಿಸಿದ್ದರಿಂದ ಪೆಟ್ರೋಲ್ ಒಣಗಿ ಸ್ಲೋ ಜೆಟ್ ಕಟ್ಟಿರಬೇಕು, ತೊಳೆದಿದ್ದರೆ ಸಾಕಿತ್ತು ಅನ್ನುವುದು ಮೇಸ್ತ್ರಿಯ ಲೆಕ್ಕ.

ನನ್ನ ತಕರಾರು ಇಲ್ಲೇ ಇರುವುದು. ಕಾರ್ಬುರೇಟರ್ ಬಲ್ಬ್ ಅಲ್ಲ, ತಿರುಗಿಸಿ ಹಾಕಿ ಸ್ವಿಚ್ ಒತ್ತಲು. ಹಾಕುವುದು ಅರ್ಧ ಕೆಲಸ, ಟ್ಯೂನ್ ಮಾಡುವುದು ಉಳಿದರ್ಧ. ಮೊದಲು ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಚೋಕ್ ಪೂರ್ತಿ ತೆರೆದಿರಬೇಕು, ಏರ್ ಫಿಲ್ಟರ್ ಮೇಲಿರಬೇಕು, ಲೈಟು ಆರಿರಬೇಕು. ಆಮೇಲೆ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಂಜಿನ್ ಎಲ್ಲಿ ಅತಿ ಜೋರಾಗಿ, ಒಂದೇ ಸಮ ಓಡುತ್ತದೋ ಆ ಜಾಗ ಹುಡುಕಬೇಕು. ನಂತರ ರೇಸ್ ಸ್ಕ್ರೂನಿಂದ ಐಡಲ್ ಇಳಿಸಬೇಕು. ಮತ್ತೆ ಮಿಕ್ಸ್ಚರ್, ಮತ್ತೆ ರೇಸ್. ಎಷ್ಟು ತಿರುಗಿಸಿದರೂ ಐಡಲ್ ಏರಿಳಿಯುತ್ತಿದ್ದರೆ ಗ್ಯಾಸ್ಕೆಟ್ ಸಂದಿನಿಂದ ಗಾಳಿ ಎಳೆಯುತ್ತಿದೆಯೇ ಅಂತ ನೋಡಬೇಕು, ಸ್ಕ್ರೂ ಹಿಡಿದು ಕೂರುವುದಲ್ಲ.

ಇನ್ನೊಂದು ಸುಳ್ಳು "ಮೈಲೇಜ್ ಸ್ಕ್ರೂ". ಹಾಗೊಂದು ಸ್ಕ್ರೂ ಇಲ್ಲ. ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡುವುದು ಹೆಚ್ಚಾಗಿ ಐಡಲ್‌ನಲ್ಲಿ. ಅರವತ್ತರ ವೇಗದಲ್ಲಿ ಪೆಟ್ರೋಲ್ ಅಳೆಯುವುದು ಮೇನ್ ಜೆಟ್. ಮೈಲೇಜ್ ಜಾಸ್ತಿ ಮಾಡಿಕೊಡ್ತೀನಿ ಅಂತ ಸ್ಕ್ರೂ ತಿರುಗಿಸಿ ಇನ್ನೂರು ಕೇಳಿದರೆ ಕೊಡಬೇಡಿ.

ಈಗ ಬಂಕುಗಳಲ್ಲಿ 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಹೊಸ ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ. ಕಾರ್ಬುರೇಟರಿನಲ್ಲಿ ಇರುವುದು ಒಂದು ತೂತು. ಹಿಂದಿನ ಪೆಟ್ರೋಲಿಗೆ ಕೊರೆದ ಆ ತೂತಿನಿಂದ ಈ ಪೆಟ್ರೋಲ್ ಸಾಲದೆ ಗಾಡಿ ಮುಗ್ಗರಿಸಬಹುದು, ಹಳೇ ರಬ್ಬರ್ ಪೈಪ್ ಮೆತ್ತಗಾಗಬಹುದು. ಹಳೇ ಗಾಡಿಯವರಿಗೆ ಬೇರೆ ಪೆಟ್ರೋಲ್ ಆಯ್ಕೆಯನ್ನೇ ಉಳಿಸದೆ ನಿಯಮ ತಂದವರು ಕನಿಷ್ಠ ನಮ್ಮ ತಾಲೂಕಿನ ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿಯನ್ನಾದರೂ ಕೊಡಬೇಕಿತ್ತು. ಅದೂ ಇಲ್ಲ. ಹಾಗಾಗಿ ಪೈಪಿನ ತಪ್ಪಿಗೂ ಪೆಟ್ರೋಲಿನ ತಪ್ಪಿಗೂ ಮದ್ದು ಒಂದೇ: ಹೊಸ ಕಾರ್ಬುರೇಟರ್.

ಹೊಗೆ ತಪಾಸಣೆಯ ಯಂತ್ರ ಇದಕ್ಕೆಲ್ಲ ಉಪಯೋಗಕ್ಕೆ ಬರಬೇಕಿತ್ತು. ಕಾಕಾನ ಓಮ್ನಿಯ ಕಾಲದ ಗಾಡಿಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ 3 ಪರ್ಸೆಂಟ್. ಯಂತ್ರ ನೋಡುತ್ತಾ ಸ್ಕ್ರೂ ತಿರುಗಿಸಿದರೆ ಕಿವಿಗಿಂತ ಚೆನ್ನಾಗಿ ಟ್ಯೂನ್ ಆಗುತ್ತದೆ. ಕಾಕಾನ ಗಾಡಿ ಹೊಗೆ ಉಗುಳುತ್ತಿದ್ದ ಅದೇ ತಿಂಗಳು ಸೈಲೆನ್ಸರಿಗೆ ಪೈಪನ್ನೇ ಹಾಕದೆ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ದರು.

ಗ್ಯಾರೇಜಿನವರ ಕಡೆಯ ಮಾತೂ ಇದೆ. "ಟ್ಯೂನಿಂಗಿಗೆ ಎರಡು ತಾಸು ಬೇಕು, ಎರಡು ತಾಸಿನ ಕೂಲಿ ಯಾರು ಕೊಡ್ತಾರ್ರೀ? ಸಾಮಾನು ಹಾಕಿದ್ರ ತಕರಾರಿಲ್ದ ಕೊಡ್ತಾರ" ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದರು. ಸುಳ್ಳಲ್ಲ. ಬ್ಯಾಡಗಿ ಮೇಸ್ತ್ರಿ ಮಧ್ಯಾಹ್ನದ ಊಟ ಬಿಟ್ಟು ಎರಡೂವರೆ ತಾಸು ಕೂತು ಕಾಕಾನ ಗಾಡಿಯನ್ನು ಮತ್ತೆ 13ಕ್ಕೆ ತಂದರು, 600 ರೂಪಾಯಿ ಕೇಳಿದರು. ನಾಲ್ಕೂವರೆ ಸಾವಿರಕ್ಕೆ ತುಟಿ ಬಿಚ್ಚದವನು ನಾನು, "400 ತಗೋರಿ ಮೇಸ್ತ್ರಿ" ಅಂದೆ.