ಕಂಡು ಬಂದವರ ಋಣ



ಕಳೆದ ತಿಂಗಳು ದುಮ್ಮವಾಡದ ಒಂದು ಕುಟುಂಬವನ್ನು ಸಂದರ್ಶಿಸಿದಾಗ ಆ ಮನೆಯ ತಾಯಿ ಒಂದು ಪತ್ರವನ್ನು ನನ್ನ ಕೈಗಿತ್ತರು. ಪಟ್ಟಣದ ಕಾಲೇಜಿನಲ್ಲಿ ಓದುತ್ತಿರುವ ಮಗಳು ತಂದ ಪತ್ರವದು. ವಿದ್ಯಾರ್ಥಿಗಳನ್ನು ಗ್ರೀಸ್ ದೇಶಕ್ಕೆ ಪ್ರವಾಸ ಕರೆದೊಯ್ಯಲಾಗುವುದು, ಪ್ರಾಚೀನ ಕ್ರೀಡಾಂಗಣಗಳನ್ನೂ ಇತಿಹಾಸದ ಅವಶೇಷಗಳನ್ನೂ ತೋರಿಸಲಾಗುವುದು ಎಂದು ಅದರಲ್ಲಿತ್ತು. ಕೆಳಗೆ ನಮೂದಿಸಿದ್ದ ಮೊತ್ತ ಆ ಮನೆಯ ಎರಡು ವರ್ಷಗಳ ಹತ್ತಿ, ಗೋವಿನಜೋಳದ ಹುಟ್ಟುವಳಿಗೆ ಸಮ. ಹೊಲ ಅಡವಿಟ್ಟು ಕಳುಹಿಸೋಣವೇ ಎಂದು ತಂದೆ ಕೇಳಿದರು. ಬೇಡವೆಂದೆ. ಆಗ ಮಗಳು, "ಹಾಗಾದರೆ ಇತಿಹಾಸವನ್ನು ಕಣ್ಣಾರೆ ಕಾಣುವುದು ಉಳ್ಳವರಿಗೆ ಮಾತ್ರವೇ, ಫಾದರ್?" ಎಂದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿ ಕಾಣತಕ್ಕದ್ದು ಏನೂ ಇಲ್ಲವೆಂದು ಹೇಳಿ ಆ ಮಗುವನ್ನು ಸಮಾಧಾನಪಡಿಸುವುದು ಸುಳ್ಳಾಗುತ್ತದೆ. ಕ್ರಿ.ಪೂ. 776ರಿಂದ ಕ್ರೀಡೆಗಳು ನಡೆದವೆಂದು ಪರಂಪರೆಯು ಹೇಳುವ ಒಲಿಂಪಿಯಾದಲ್ಲಿ ಸುಮಾರು 192 ಮೀಟರ್ ಉದ್ದದ ಓಟದ ಬಯಲೂ ಓಟಗಾರರು ಕಾಲೂರಿ ನಿಂತ ಕಲ್ಲಿನ ಗೆರೆಯೂ ಇಂದಿಗೂ ಇವೆ. ಪ್ರೇಕ್ಷಕರು ಕುಳಿತದ್ದು ಮಣ್ಣಿನ ದಿಬ್ಬದ ಮೇಲೆ. ಕ್ರೀಡಾಂಗಣಕ್ಕೆ ಹೋಗುವ ದಾರಿಯ ಬದಿಯಲ್ಲಿ ಸಾಲಾಗಿ ಕಲ್ಲಿನ ಪೀಠಗಳಿವೆ. ಸ್ಪರ್ಧೆಯಲ್ಲಿ ವಂಚಿಸಿದವರಿಂದ ವಸೂಲಾದ ದಂಡದ ಹಣದಿಂದ ಮಾಡಿಸಿದ ಕಂಚಿನ ವಿಗ್ರಹಗಳು ಅವುಗಳ ಮೇಲೆ ನಿಂತಿದ್ದವು. ಕ್ರಿ.ಪೂ. 388ರಲ್ಲಿ ಎದುರಾಳಿಗಳಿಗೆ ಲಂಚವಿತ್ತ ಮುಷ್ಟಿಮಲ್ಲನೊಬ್ಬನ ಪ್ರಕರಣದಿಂದ ಈ ಸಾಲು ಮೊದಲಾಯಿತು. ನಮ್ಮ ನಾಡಿನ ವೀರಗಲ್ಲುಗಳು ಶೌರ್ಯವನ್ನು ನೆನಪಿಸುತ್ತವೆ. ಅಲ್ಲಿನ ಕಲ್ಲುಗಳು ಅಪಮಾನವನ್ನು ನೆನಪಿಸಿ, ಓಡಲು ಹೊರಟವನನ್ನು ಬಾಗಿಲಲ್ಲೇ ಎಚ್ಚರಿಸುತ್ತಿದ್ದವು. ನಕಲು ಮಾಡಿ ಪರೀಕ್ಷೆ ಗೆಲ್ಲುವ ಈ ಕಾಲದ ವಿದ್ಯಾರ್ಥಿ ಅವುಗಳ ಮುಂದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದೇ.

ತತ್ವಶಾಸ್ತ್ರ ಓದಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಪ್ಲೇಟೋ ಬೋಧಿಸಿದ ಅಕಾಡೆಮಿ, ಅರಿಸ್ಟಾಟಲ್ ಬೋಧಿಸಿದ ಲೈಸಿಯಂ, ಎರಡೂ ಮೂಲತಃ ವ್ಯಾಯಾಮದ ತಾಣಗಳು, ನಮ್ಮ ಮಾತಿನಲ್ಲಿ ಹೇಳುವುದಾದರೆ ಗರಡಿಗಳು. ಆ ಕಾಲದಲ್ಲಿ ಗ್ರೀಕ್ ನಗರಗಳು ಕ್ರೀಡೋತ್ಸವಗಳಿಗೆ ತಮ್ಮ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದವು. ಅವರಿಗೆ 'ಥಿಯೊರೊಸ್' ಎಂದು ಹೆಸರು. ಅವರು ಊರಿನ ಪರವಾಗಿ ಹೋಗಿ, ಕಂಡು, ಮರಳಿ ಊರಿಗೆ ತಿಳಿಸಬೇಕಿತ್ತು. ಅವರ ಆ ಕಾರ್ಯಕ್ಕೆ 'ಥಿಯೊರಿಯ' ಎಂದರು. ಮುಂದೆ ತತ್ವಜ್ಞಾನಿಗಳು ಸತ್ಯದ ದರ್ಶನಕ್ಕೂ ಅದೇ ಪದವನ್ನು ಬಳಸಿದರು. ನಮ್ಮ ಮಕ್ಕಳು ಶಾಲೆಯಲ್ಲಿ 'ಥಿಯರಿ' ಎನ್ನುವ ಪದದ ಮೂಲ ಇದು. ಕಾಣುವವನು ತನಗಾಗಿ ಮಾತ್ರ ಕಾಣುವುದಿಲ್ಲ ಎಂಬ ಭಾವ ಆ ಪದದೊಳಗೇ ಇದೆ.

ನಮ್ಮ ಸೀಮೆಯಲ್ಲೂ ಇದಕ್ಕೆ ನಿದರ್ಶನವಿದೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಸಣ್ಣ ತಂಡವೊಂದು ಹೋಯಿತು. ಅದರಲ್ಲಿ ಬೆಳಗಾವಿಯ ಕಡೆಯ ಫಡೆಪ್ಪ ಚೌಗುಲೆ ಎಂಬ ತರುಣನಿದ್ದನು. ಮ್ಯಾರಥಾನ್ ಓಟದಲ್ಲಿ ಆತ 19ನೆಯವನಾಗಿ ಗುರಿ ಮುಟ್ಟಿದನು. ಆ ತಂಡದ ಪ್ರಯಾಣ ಓಟಗಾರರ ಮನೆಯ ಹೊಲಗಳ ಮೇಲೆ ನಿಂತಿರಲಿಲ್ಲ. ದೊರಾಬ್ಜಿ ಟಾಟಾ ಮುಂದೆ ನಿಂತು ಹಣ ಒದಗಿಸಿದ್ದರು. ಕಳುಹಿಸುವವರು ಇದ್ದುದರಿಂದ ಹೋಗುವವನು ಹೋದನು.

ಸಂತ ಪೌಲರನ್ನೂ ಇಲ್ಲಿ ಸ್ಮರಿಸಬೇಕು. ಅವರು ಕೊರಿಂಥದಲ್ಲಿ ಗುಡಾರ ಹೊಲಿಯುತ್ತ ಒಂದೂವರೆ ವರ್ಷ ತಂಗಿದ್ದರು. ಆ ಊರಿನ ಸಮೀಪದ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನಿಗೆ ಸಿಗುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲರು ಆ ಓಟವನ್ನೂ ಆ ಕಿರೀಟವನ್ನೂ ದೃಷ್ಟಾಂತವಾಗಿಸಿದರು. ಆದುದರಿಂದಲೇ ಗ್ರೀಸನ್ನು ಎಂದೂ ಕಾಣದ ದುಮ್ಮವಾಡದ ಅಜ್ಜಿಗೂ ಆ ಓಟದ ಅರಿವಿದೆ.

ಹೀಗಿರಲು, ಪ್ರವಾಸ ಬೇಕೇ ಬೇಡವೇ ಎಂಬುದಕ್ಕಿಂತ ಅದು ಯಾರ ಪ್ರವಾಸ ಎಂಬ ಪ್ರಶ್ನೆಯೇ ದೊಡ್ಡದು. ಒಂದು ಮನೆ ಸಾಲದಲ್ಲಿ ಮುಳುಗಿ ಮಗುವನ್ನು ಕಳುಹಿಸಿದರೆ ಆ ಮಗುವಿನ ಕಣ್ಣು ಕಲ್ಲಿನ ಮೇಲಿದ್ದರೂ ಮನಸ್ಸು ಬಡ್ಡಿಯ ಮೇಲಿರುತ್ತದೆ. ಉಳ್ಳವರ ಮಗು ಹೋಗಿ ಬಂದು ಭಾವಚಿತ್ರಗಳನ್ನಷ್ಟೇ ತೋರಿಸಿದರೆ ಊರಿಗೆ ದಕ್ಕುವುದು ಅಸೂಯೆ ಮಾತ್ರ. ವಿದ್ಯಾಸಂಸ್ಥೆಗಳೂ ಸಮುದಾಯದ ಸಂಘಗಳೂ ಕೂಡಿ ಒಂದು ನಿಧಿಯನ್ನು ಮಾಡಲಿ. ಹಣದ ಚೀಲ ನೋಡದೆ ಆಸಕ್ತಿಯನ್ನು ನೋಡಿ ವರ್ಷಕ್ಕೆ ಒಬ್ಬರನ್ನಾದರೂ ಆರಿಸಲಿ. ಅಂಥವರು ಮೊದಲು ಅಣ್ಣಿಗೇರಿಗೆ ಹೋಗಿ ಅಮೃತೇಶ್ವರ ದೇಗುಲದ ಚಾಲುಕ್ಯರ ಕಾಲದ ಕಂಬಗಳನ್ನು ನೋಡಿ ಬರಲಿ. ಮನೆಯ ಬಳಿಯ ಕಲ್ಲನ್ನು ಓದಲಾರದವರು ದೂರದ ಕಲ್ಲನ್ನು ಓದುವುದು ಕಷ್ಟ. ವಿದೇಶದಿಂದ ಮರಳಿದ ಮೇಲೆ ಹಳ್ಳಿಯ ಶಾಲೆಯ ಅಂಗಳದಲ್ಲಿ ನಿಂತು, ಕಂಡದ್ದನ್ನು ಕನ್ನಡದಲ್ಲಿ ಹೇಳಲಿ. ಹೋಗದವರಿಗೆ ಸಲ್ಲಬೇಕಾದ ಋಣವದು.

ಆ ಹುಡುಗಿ ಈ ವರ್ಷ ಹೋಗುವುದಿಲ್ಲ. ಹಣ ಕಟ್ಟುವ ಕೊನೆಯ ದಿನ ಕಳೆದುಹೋಗಿದೆ. ಹೊಲ ಉಳಿದಿದೆ, ಆಕೆಯ ಪ್ರಶ್ನೆಯೂ ಉಳಿದಿದೆ. ಮುಂದಿನ ವರ್ಷ ಅಂಥದೇ ಪತ್ರ ಇನ್ನೊಂದು ಮನೆಗೆ ಬರುವ ಮುನ್ನ ನಾವೆಲ್ಲರೂ ಕೂಡಿ ಉತ್ತರವನ್ನು ಸಿದ್ಧಪಡಿಸೋಣ.