ಆರು ತಿಂಗಳ ನರ್ಸಿಂಗ್ ಮತ್ತು ಸಮುದಾಯದ ಹೊಣೆ

ಎಸೆಸೆಲ್ಸಿ ಫಲಿತಾಂಶ ಹೊರಬೀಳುತ್ತಲೇ ನಮ್ಮ ಪಟ್ಟಣಗಳ ಗೋಡೆಗಳ ಮೇಲೆ, ಬಸ್ ನಿಲ್ದಾಣದ ಕಂಬಗಳ ಮೇಲೆ ಒಂದು ಬಗೆಯ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಆರು ತಿಂಗಳಲ್ಲಿ ನರ್ಸಿಂಗ್, ಖಚಿತ ಉದ್ಯೋಗ, ಕಂತಿನಲ್ಲಿ ಶುಲ್ಕ ಎಂಬುದು ಅದರ ಒಕ್ಕಣೆ. ಮೂರು ವರ್ಷ ಓದಿಸುವ ಶಕ್ತಿಯಿಲ್ಲದ, ಮಗಳ ದುಡಿಮೆ ಬೇಗ ಮನೆಗೆ ಆಸರೆಯಾಗಲಿ ಎಂದು ಬಯಸುವ ಕುಟುಂಬಕ್ಕೆ ಈ ಮಾತು ಆಕರ್ಷಕವಾಗಿ ಕೇಳಿಸಿದರೆ ಅಚ್ಚರಿಯಿಲ್ಲ. ಬೇಗ ಮುಗಿಯಬೇಕು, ಖರ್ಚು ಕಡಿಮೆಯಿರಬೇಕು, ಕೈಗೊಂದು ಪ್ರಮಾಣಪತ್ರ ಬರಬೇಕು ಎಂಬ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪ್ರಮಾಣಪತ್ರದಲ್ಲಿ ಏನು ಬರೆದಿದೆ, ಅದನ್ನು ಕೊಟ್ಟವರು ಯಾರು, ಅದರಿಂದ ಯಾವ ಬಾಗಿಲು ತೆರೆಯುತ್ತದೆ ಮತ್ತು ಯಾವ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯುವ ಎಚ್ಚರ ನಮ್ಮಲ್ಲಿ ಎಷ್ಟು ಮಂದಿಗಿದೆ?

ಬೆಳಗಾವಿಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅದರೊಂದಿಗಿರುವ ಕೆಎಲ್‌ಇ ಆಸ್ಪತ್ರೆ, 2005ರಲ್ಲಿ ಸ್ಥಾಪನೆಯಾದ ಸರಕಾರಿ ಬಿಮ್ಸ್, ಇವುಗಳ ಜೊತೆಗೆ ಗಲ್ಲಿ ಗಲ್ಲಿಯಲ್ಲಿ ತಲೆಯೆತ್ತಿರುವ ನರ್ಸಿಂಗ್ ಹೋಂಗಳು ಈ ನಗರವನ್ನು ಗಡಿಭಾಗದ ವೈದ್ಯಕೀಯ ಕೇಂದ್ರವನ್ನಾಗಿಸಿವೆ. ನೆರೆಯ ಮಹಾರಾಷ್ಟ್ರದ ರೋಗಿಗಳೂ ಇಲ್ಲಿಗೆ ಬರುತ್ತಾರೆ. ವೈದ್ಯರು ಮತ್ತು ನರ್ಸುಗಳ ಜೊತೆಗೆ, ರೋಗಿಯನ್ನು ಎತ್ತಿ ಕೂರಿಸುವ, ಉಣಿಸುವ, ಶುಚಿಗೊಳಿಸುವ ಕೈಗಳು ಪ್ರತಿ ವಾರ್ಡಿಗೂ ಬೇಕು. ಆ ಕೈಗಳನ್ನೇ ನಾವು ಆಯಾ ಎಂದು, ವಾರ್ಡ್ ಬಾಯ್ ಎಂದು ಕರೆದು ಮರೆತುಬಿಡುತ್ತೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಎಎನ್‌ಎಂಗೆ ಎರಡು ವರ್ಷ, ಜಿಎನ್‌ಎಂಗೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು ವರ್ಷ ಬೇಕು. ಇವೆಲ್ಲಕ್ಕೂ ಪಿಯುಸಿ ಮುಗಿದಿರಬೇಕು. 1961ರ ರಾಜ್ಯ ಕಾನೂನಿನ ಮೇರೆಗೆ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿಯಾದ ಮೇಲಷ್ಟೇ ನರ್ಸ್ ಎಂಬ ಹೆಸರಿಗೆ ಅರ್ಥ. ಅಲ್ಪಾವಧಿ ತರಗತಿಯ ಪ್ರಮಾಣಪತ್ರ ಎಷ್ಟೇ ಹೊಳೆಯುವ ಕಾಗದದಲ್ಲಿ ಮುದ್ರಿತವಾಗಿದ್ದರೂ ಅದು ಈ ನೋಂದಣಿಗೆ ದಾರಿಯಲ್ಲ. ಇದನ್ನು ಮರೆಮಾಚಿ ಹಣ ಪಡೆಯುವುದು ವಂಚನೆಯಲ್ಲದೆ ಬೇರೇನೂ ಅಲ್ಲ.

ಹಾಗೆಂದು ಅಲ್ಪಾವಧಿಯ ತರಬೇತಿಗಳೆಲ್ಲ ಸುಳ್ಳು ಎಂಬ ತೀರ್ಮಾನಕ್ಕೂ ಬರಬೇಕಾಗಿಲ್ಲ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಹುದ್ದೆಗೆ ರಾಷ್ಟ್ರೀಯ ಮಾನದಂಡವನ್ನು ರೂಪಿಸಿದೆ. ಮನೆಯಲ್ಲೇ ಇರುವ ರೋಗಿಗಳ ಆರೈಕೆಗಾಗಿ ‘ಹೋಮ್ ಹೆಲ್ತ್ ಏಡ್’ ಎಂಬ ಇನ್ನೊಂದು ಹುದ್ದೆಯಿದೆ. ಕೆಲವೇ ತಿಂಗಳ ಈ ತರಬೇತಿಯಲ್ಲಿ ಕಲಿಸುವ ವಿದ್ಯೆ ಕ್ಷುಲ್ಲಕವಾದುದಲ್ಲ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ತನ್ನ ಬೆನ್ನಿಗೆ ಪೆಟ್ಟಾಗದಂತೆ ರೋಗಿಯನ್ನು ಗಾಲಿಕುರ್ಚಿಗೆ ಇಳಿಸುವುದು, ನಾಡಿ, ಉಸಿರು, ಜ್ವರವನ್ನು ಅಳೆದು ಬರೆದಿಡುವುದು, ಸರಿಯಾಗಿ ಕೈ ತೊಳೆಯುವುದು, 2016ರ ನಿಯಮದಂತೆ ಆಸ್ಪತ್ರೆಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ಪ್ರಕಾರ ಬೇರ್ಪಡಿಸುವುದು, ರೋಗಿಯ ಸ್ಥಿತಿ ಕೆಡುತ್ತಿರುವ ಲಕ್ಷಣವನ್ನು ಗುರುತಿಸಿ ನರ್ಸಿಗೆ ತಕ್ಷಣ ತಿಳಿಸುವುದು, ಹೀಗೆ ಜೀವ ಉಳಿಸುವ ಅನೇಕ ಸಂಗತಿಗಳು ಅದರಲ್ಲಿವೆ. ಇಂಜೆಕ್ಷನ್ ಚುಚ್ಚುವುದು, ಸಲೈನ್ ಏರಿಸುವುದು, ಔಷಧದ ಪ್ರಮಾಣ ನಿರ್ಧರಿಸುವುದು ಈ ಸಹಾಯಕರ ಕೆಲಸವಲ್ಲ. ಯಾವುದು ತನ್ನ ಕೆಲಸವಲ್ಲ ಎಂಬ ಅರಿವೂ ಈ ವಿದ್ಯೆಯ ಭಾಗವೇ ಆಗಿದೆ.

ಈ ತರಬೇತಿಗಾಗಿ ಸಾಲ ಮಾಡಲೇಬೇಕಾದ ಅನಿವಾರ್ಯತೆಯಿಲ್ಲ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. 2015ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯು ಇಂಥ ಅಲ್ಪಾವಧಿ ತರಬೇತಿಗಳನ್ನು ಶುಲ್ಕವಿಲ್ಲದೆ ನೀಡುವುದಕ್ಕಾಗಿಯೇ ರೂಪುಗೊಂಡಿತು. 2014ರಲ್ಲಿ ಘೋಷಣೆಯಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯು ಹಳ್ಳಿಯ ಬಡ ಯುವಜನರಿಗಾಗಿರುವಂಥದ್ದು. ಅದರ ನಿಯಮಗಳಲ್ಲಿ ಅಲ್ಪಸಂಖ್ಯಾತರಿಗೂ ಮಹಿಳೆಯರಿಗೂ ಪಾಲು ಗೊತ್ತುಪಡಿಸಲಾಗಿತ್ತು. ಅಲ್ಪಸಂಖ್ಯಾತರಿಗೆಂದೇ 2013ರಲ್ಲಿ ಬಂದ ‘ಸೀಖೋ ಔರ್ ಕಮಾವೋ’ ಈಗ ಪಿಎಂ ವಿಕಾಸ್‌ನಲ್ಲಿ ವಿಲೀನವಾಗಿದೆ. ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೆ, 2021ರ ಜೂನ್ 18ರಂದು, ಒಂದು ಲಕ್ಷ ಮಂದಿಯನ್ನು ಆರೋಗ್ಯ ಸೇವೆಗೆ ಅಣಿಗೊಳಿಸುವ ತ್ವರಿತ ತರಬೇತಿಯನ್ನು ಕೇಂದ್ರ ಸರಕಾರ ಆರಂಭಿಸಿತು. ಮನೆಯಲ್ಲಿನ ಆರೈಕೆಯೂ ಅದರ ಆರು ವಿಭಾಗಗಳಲ್ಲಿ ಒಂದಾಗಿತ್ತು. ತರಬೇತಿ ಪಡೆದ ಸಹಾಯಕರ ಕೊರತೆ ಎಷ್ಟು ತೀವ್ರವಾದುದೆಂದು ಸರಕಾರಕ್ಕೆ ಮನವರಿಕೆಯಾಗಲು ಒಂದು ಮಹಾಮಾರಿಯೇ ಬರಬೇಕಾಯಿತು!

ಯೋಜನೆಗಳು ಕಾಗದದಲ್ಲಿದ್ದರೆ ಸಾಲದು. ಯಾವ ತಂಡ ಎಲ್ಲಿ, ಯಾವಾಗ ಆರಂಭವಾಗುತ್ತದೆಂಬ ಮಾಹಿತಿ ಬೆಳಗಾವಿಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಿಂದ ಖಾನಾಪುರದ ಮೊಹಲ್ಲಾದವರೆಗೆ ತಲುಪಬೇಕು. ಖಾನಾಪುರದಿಂದ ಬೆಳಗಾವಿ ಬಹಳ ದೂರವೇನಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವೂ ಉಚಿತ. ಹೀಗಿದ್ದರೂ ಉಚಿತವಾಗಿ ಸಿಗಬಹುದಾದುದಕ್ಕೆ ಸಾವಿರಾರು ರೂಪಾಯಿ ತೆತ್ತು, ಮಾನ್ಯತೆಯಿಲ್ಲದ ಕಾಗದವನ್ನು ಮನೆಗೆ ತರುವುದು ಬಡತನದ ಮೇಲೆ ಬಿದ್ದ ಇನ್ನೊಂದು ಬರೆಯಲ್ಲವೇ?

ಆದ್ದರಿಂದ ಹೆತ್ತವರು ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಪ್ರಮಾಣಪತ್ರ ನೀಡುವವರು ಯಾರು, ತರಬೇತಿ ಕೇಂದ್ರವೇ ಅಥವಾ ಮಾನ್ಯತೆ ಪಡೆದ ಮಂಡಳಿಯೇ? ಕೊನೆಯ ಪರೀಕ್ಷೆಯನ್ನು ಹೊರಗಿನವರು ನಡೆಸುತ್ತಾರೆಯೇ? ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ದಿನಗಳ ಅಭ್ಯಾಸವಿದೆ, ಯಾವ ಆಸ್ಪತ್ರೆಯಲ್ಲಿ? ಹಿಂದಿನ ತಂಡದವರು ಈಗ ಎಲ್ಲಿ ದುಡಿಯುತ್ತಿದ್ದಾರೆ? ಪೂರ್ತಿ ಶುಲ್ಕಕ್ಕೆ ರಸೀದಿ ಸಿಗುತ್ತದೆಯೇ? ಮೂಲ ಅಂಕಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವ ಕೇಂದ್ರದಿಂದ ಎದ್ದು ಬರುವುದೇ ಲೇಸು. ಉತ್ತರ ಕೊಡಲು ತಡವರಿಸುವ ಕಡೆ ಮಗಳ ಭವಿಷ್ಯವನ್ನು ಒಪ್ಪಿಸಬಾರದು.

ಇನ್ನೊಂದು ಅಪಾಯ ತರಬೇತಿಯ ನಂತರ ಎದುರಾಗುತ್ತದೆ. ಅರ್ಹ ನರ್ಸಿಗೆ ಕೊಡಬೇಕಾದ ಸಂಬಳವನ್ನು ಉಳಿಸಲು ಸಹಾಯಕಿಗೆ ಬಿಳಿ ಉಡುಪು ತೊಡಿಸಿ ಸಿರಿಂಜ್ ಕೈಗಿಡುವ ಚಾಳಿ ಸಣ್ಣ ಆಸ್ಪತ್ರೆಗಳಲ್ಲಿ ಹೊಸತಲ್ಲ. ಏನಾದರೂ ಅನಾಹುತವಾದರೆ ಹೊಣೆ ಹೊರಬೇಕಾದವಳು ಆ ಹುಡುಗಿಯೇ. ಇದು ರೋಗಿಗೂ ಅನ್ಯಾಯ, ಅವಳಿಗೂ ಅನ್ಯಾಯ. ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆಂದು ರಾಜ್ಯದಲ್ಲಿ 2007ರ ಕಾನೂನಿದೆ. ಸಿಬ್ಬಂದಿಯ ಅರ್ಹತೆಯ ತಪಾಸಣೆ ನಾಮಕಾವಸ್ತೆಯಾಗದಂತೆ ನೋಡಿಕೊಳ್ಳುವುದು ಜಿಲ್ಲಾಡಳಿತದ ಹೊಣೆ. ಕನಿಷ್ಠ ವೇತನ, ನಿಗದಿತ ದುಡಿಮೆಯ ಅವಧಿ, ರಾತ್ರಿ ಪಾಳಿಗೆ ಸುರಕ್ಷಿತ ವಾಹನ, ಇಎಸ್‌ಐ ಸೌಲಭ್ಯ, ಇವು ದಯೆಯ ಮಾತುಗಳಲ್ಲ, ದುಡಿಯುವವರ ಹಕ್ಕಿನ ಮಾತುಗಳು.

ಖಾನಾಪುರ ತಾಲೂಕಿನ ಅಗತ್ಯ ಇನ್ನೂ ಬೇರೆಯದು. ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಯ ಹಳ್ಳಿಗಳು ಮಳೆಗಾಲದಲ್ಲಿ ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಮಳೆಯಲ್ಲಿ, ಕಾಡಿನ ಹಾದಿಯಲ್ಲಿ ಹೊತ್ತು ತಂದ ದೃಶ್ಯವನ್ನು ರಾಜ್ಯವೇ ನೋಡಿತು. ರಸ್ತೆ, ಆಂಬುಲೆನ್ಸ್, ವೈದ್ಯರು ಇವಕ್ಕೆಲ್ಲ ಯಾವ ತರಬೇತಿಯೂ ಬದಲಿಯಾಗದು. ಅದು ಸರಕಾರ ಸಲ್ಲಿಸಬೇಕಾದ ಬಾಕಿ. ಆದರೆ ಪಾರ್ಶ್ವವಾಯು ಪೀಡಿತ ತಂದೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಕುಟುಂಬಕ್ಕೆ ಅದೇ ಊರಿನ, ಅದೇ ಭಾಷೆಯಾಡುವ ತರಬೇತಾದ ಕೈಯೊಂದು ದೊರೆತರೆ ಅದು ಸಣ್ಣ ಉಪಕಾರವಲ್ಲ. ಉರ್ದು, ಮರಾಠಿ, ಕನ್ನಡ ಮೂರರಲ್ಲೂ ರೋಗಿಯ ನೋವನ್ನು ಕೇಳಬಲ್ಲ ನಮ್ಮ ಗಡಿಭಾಗದ ಹೆಣ್ಣುಮಕ್ಕಳಿಗೆ ಈ ವೃತ್ತಿಯಲ್ಲಿ ಸಹಜವಾದ ಅರ್ಹತೆಯಿದೆ.

ವಿಪರ್ಯಾಸವೆಂದರೆ, ನಮ್ಮ ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಒಳ್ಳೆಯ ಆರೈಕೆಯವರಿಗಾಗಿ ಹುಡುಕಾಡುವ ನಾವೇ, ನಮ್ಮ ಮಗಳು ಆ ಕೆಲಸಕ್ಕೆ ಹೋಗುತ್ತೇನೆಂದರೆ ಮುಖ ಸಿಂಡರಿಸುತ್ತೇವೆ. ಸಂಬಂಧ ಕುದುರದು ಎಂದು ಹೆದರುತ್ತೇವೆ. ಪ್ರವಾದಿ(ಸ)ಯವರ ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ(ರ) ಗಾಯಾಳುಗಳನ್ನು ಶುಶ್ರೂಷೆ ಮಾಡುತ್ತಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿದ್ದ ಅವರ ಡೇರೆಯಲ್ಲೇ ಆರೈಕೆಗೆ ಇರಿಸಲಾಗಿತ್ತು. ಈ ಚರಿತ್ರೆಯನ್ನು ವೇದಿಕೆಯಲ್ಲಿ ಅಭಿಮಾನದಿಂದ ಹೇಳುವವರು ಅದೇ ಸೇವೆಯನ್ನು ಇಂದು ಕೀಳೆಂದು ಎಣಿಸುವುದು ಹೇಗೆ ಸರಿ? ಇದು ಹುಡುಗಿಯರಿಗೆ ಮಾತ್ರ ಮೀಸಲಾದ ದುಡಿಮೆಯೂ ಅಲ್ಲ. ಪುರುಷ ರೋಗಿಗಳ ಆರೈಕೆಗೆ ತರಬೇತಾದ ಯುವಕರೂ ಬೇಕು.

ಜಮಾಅತ್‌ಗಳು, ಮಹಿಳಾ ಸಂಘಟನೆಗಳು, ವಿದ್ಯಾರ್ಥಿ ಸಂಘಟನೆಗಳು ಈ ನಿಟ್ಟಿನಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ಫಲಿತಾಂಶದ ತಿಂಗಳಲ್ಲಿ ಮೊಹಲ್ಲಾಕ್ಕೊಂದು ಮಾಹಿತಿ ಕೇಂದ್ರ ತೆರೆದು, ಮಾನ್ಯತೆಯಿರುವ ತರಬೇತಿಗಳ ಪಟ್ಟಿಯನ್ನು ಪರಿಶೀಲಿಸಿ ಹಾಕಬಹುದು. ಶುಲ್ಕವಿಲ್ಲದಿದ್ದರೂ ಊಟ, ವಸತಿ, ಸಮವಸ್ತ್ರದ ಖರ್ಚಿಗೆ ಕೈ ಚಾಚಬೇಕಾದ ಮಕ್ಕಳಿಗೆ ನೆರವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಹಾಯಕಿಯ ಕೆಲಸ ಸಿಕ್ಕಿತೆಂದು ಮಗಳ ಓದನ್ನು ಅಲ್ಲಿಗೇ ನಿಲ್ಲಿಸದಂತೆ ಹೆತ್ತವರ ಮನವೊಲಿಸಬೇಕು. ಅವಳು ದುಡಿಯುತ್ತಲೇ ಪಿಯುಸಿ ಮುಗಿಸಿದರೆ ನಾಳೆ ಜಿಎನ್‌ಎಂ ಬಾಗಿಲು ಅವಳ ಮುಂದೆ ತೆರೆದಿರುತ್ತದೆ. ಮುಗಿಸದಿದ್ದರೆ ಇಪ್ಪತ್ತು ವರ್ಷಗಳ ಅನುಭವದ ನಂತರವೂ ಅವಳು ಅದೇ ಮೆಟ್ಟಿಲಲ್ಲೇ ನಿಂತಿರುತ್ತಾಳೆ. ಆರು ತಿಂಗಳ ತರಬೇತಿ ಅವಳ ಬದುಕಿನ ಮೊದಲ ಮೆಟ್ಟಿಲಾಗಬೇಕೇ ಹೊರತು ಕೊನೆಯ ಮೆಟ್ಟಿಲಾಗಬಾರದು. ಅದನ್ನು ನಿರ್ಧರಿಸುವ ಹೊಣೆ ಗೋಡೆಯ ಮೇಲಿನ ಜಾಹೀರಾತಿನದ್ದಲ್ಲ, ನಮ್ಮದು.