ಕೇರಿಯನ್ನು ಕೇಳಿದಿರಾ?



ಒಕ್ಕೂಟದೊಳಗಿನ ರಾಜ್ಯ ಕಾನೂನಿನ ಪ್ರಕಾರ ಬಿಟ್ಟು ಹೋಗಬಹುದೆ? ಈ ಮಾತು ಬಂದಾಗಲೆಲ್ಲ ಒಬ್ಬರು ದೇಶಪ್ರೇಮ ಅಂತಾರೆ, ಇನ್ನೊಬ್ಬರು ರಾಜ್ಯದ ಹಕ್ಕು ಅಂತಾರೆ. ನಾವು ಕೇಳೋದು ಬೇರೆ: ರಾಜ್ಯ ಅಂದರೆ ಯಾರು?

ಅಮೆರಿಕದ ಸೌತ್ ಕೆರೊಲಿನಾ ನೋಡಿ. 1860ರ ಡಿಸೆಂಬರ್ 20ರಂದು ಅಲ್ಲಿ ಸಭೆ ಸೇರಿದ 169 ಜನ ಒಕ್ಕೂಟ ಬಿಟ್ಟೆವು ಅಂದರು. ವಿರೋಧದ ಮತ ಒಂದೂ ಇಲ್ಲ. ಆದರೆ ಆ ರಾಜ್ಯದ ಸುಮಾರು 7 ಲಕ್ಷ ಜನರಲ್ಲಿ 4 ಲಕ್ಷ ಜನ ಗುಲಾಮರು. ಅವರನ್ನು ಯಾರು ಕೇಳಿದರು? ಅವರನ್ನು ಗುಲಾಮರಾಗಿಯೇ ಇಟ್ಟುಕೊಳ್ಳುವುದಕ್ಕೇ ಒಡೆಯರು ಹೊರಟದ್ದು. ಗುಲಾಮಗಿರಿಗೆ ಧಕ್ಕೆ ಬಂತು ಅಂತ ತಮ್ಮ ಘೋಷಣೆಯಲ್ಲೇ ಬರೆದುಕೊಂಡರು. ಒಡೆಯ ಸ್ವಾತಂತ್ರ್ಯ ಅಂದಾಗ ಜೀತದವನು ತನ್ನ ಬೆನ್ನು ಮುಟ್ಟಿ ನೋಡಿಕೊಳ್ಳಬೇಕು!

ಯುದ್ಧವಾಯಿತು. ಲಕ್ಷಾಂತರ ಜನ ಸತ್ತರು. 1869ರಲ್ಲಿ ಟೆಕ್ಸಾಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು: ರಾಜ್ಯ ತಾನಾಗಿ ಬಿಟ್ಟು ಹೋಗುವಂತಿಲ್ಲ, ಕ್ರಾಂತಿಯಾಗಬೇಕು, ಇಲ್ಲವೇ ಉಳಿದ ರಾಜ್ಯಗಳು ಒಪ್ಪಬೇಕು.

ಬಾಬಾಸಾಹೇಬರು ಇದನ್ನೆಲ್ಲ ಬಲ್ಲವರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಮೆರಿಕದ ಆ ಯುದ್ಧವನ್ನೇ ನೆನಪಿಸಿದರು. ನಮ್ಮ ಒಕ್ಕೂಟ ರಾಜ್ಯಗಳ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಟ್ಟು ಹೋಗುವ ಹಕ್ಕಿಲ್ಲ ಎಂದು ವಿವರಿಸಿದರು. ಸಂವಿಧಾನದ 1ನೇ ವಿಧಿಯಲ್ಲಿ 'ಯೂನಿಯನ್' ಎಂಬ ಪದ ಇಟ್ಟಿದ್ದು ಅದಕ್ಕೇ. ಕಾನೂನಿನ ಮಾತು ಇಷ್ಟು.

ಹಾಗಂತ ಒಕ್ಕೂಟದ ಹೆಸರಲ್ಲಿ ದಿಲ್ಲಿ ಏನು ಮಾಡಿದರೂ ಚಪ್ಪಾಳೆ ಹೊಡೆಯುವವರು ನಾವಲ್ಲ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ರಾಜ್ಯವನ್ನು ಒಡೆದು ಎರಡು ಕೇಂದ್ರಾಡಳಿತ ಪ್ರದೇಶ ಮಾಡಿದಾಗ, ಕೇಳುವುದಕ್ಕೆ ಅಲ್ಲಿ ವಿಧಾನಸಭೆಯೇ ಇರಲಿಲ್ಲ. ಬಿಟ್ಟು ಹೋಗುವಾಗಲೂ ಕೇಳೋದಿಲ್ಲ, ಒಡೆಯುವಾಗಲೂ ಕೇಳೋದಿಲ್ಲ!

ಕೇಳದಿದ್ದರೂ ಎದ್ದು ಹೇಳಿದವರಿದ್ದಾರೆ. 1995ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಬೇರೆಯಾಗಲು ಜನಮತ ಇಟ್ಟಿತು. ಅಲ್ಲಿನ ಕ್ರೀ ಆದಿವಾಸಿಗಳು ಅದಕ್ಕೂ ಮುಂಚೆ ತಾವೇ ಮತದಾನ ನಡೆಸಿದರು. ತಮ್ಮನ್ನೂ ತಮ್ಮ ನೆಲವನ್ನೂ ಕೆನಡಾದಿಂದ ಬೇರೆ ಮಾಡಲು ಮತ ಹಾಕಿದವರಲ್ಲಿ ನೂರಕ್ಕೆ 96 ಮಂದಿ ಒಪ್ಪಲಿಲ್ಲ. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ಅಭಿಪ್ರಾಯ: ಪ್ರಾಂತ್ಯ ಒಂದೇ ನಿರ್ಧರಿಸಿ ಹೋಗುವಂತಿಲ್ಲ, ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆ ಆಗಲೇಬೇಕು, ಆ ಮಾತುಕತೆಯಲ್ಲಿ ಅಲ್ಪಸಂಖ್ಯಾತರ ಹಕ್ಕು ಮರೆಯುವಂತಿಲ್ಲ.

ನಮ್ಮ ನಿಲುವೂ ಇದೇ. ನಕಾಶೆಯ ಗೆರೆ ಎಲ್ಲೇ ಎಳೆಯಲಿ, ಊರಿಗೂ ಕೇರಿಗೂ ನಡುವಿನ ಗೆರೆ ಹಾಗೇ ಉಳಿದರೆ ನಮಗೆ ಬಂದದ್ದೇನು? ಇನ್ನು ಮೇಲೆ ರಾಜ್ಯ, ಒಕ್ಕೂಟ ಅಂತ ಯಾರೇ ಚರ್ಚೆ ತೆಗೆಯಲಿ, ಎದ್ದು ನಿಂತು ಮೊದಲು ಕೇಳಿ: ಕೇರಿಯನ್ನು ಕೇಳಿದಿರಾ?

ಜೈಭೀಮ್!